ಮೊದಲು ಪೊಸೆಷನ್, ಆಮೇಲೆ ತೊಟ್ಟಿಲು

ವಾಟ್ಸಾಪ್ ಬಂದು ಇಷ್ಟು ಕಾಲವಾದರೂ ನಮ್ಮ ಬೀದಿಯ ಅಸಲಿ ಸುದ್ದಿ ಸಾಗುವುದು ಇನ್ನೂ ಕಾಂಪೌಂಡ್ ಗೋಡೆಯ ಮೇಲಿಂದಲೇ. ಪದ್ಮಕ್ಕನ ಕರಿಬೇವು ನಮ್ಮ ಕಡೆಗೆ ಬಾಗಿದೆ, ನನ್ನ ದಾಸವಾಳ ಅವರ ಕಡೆಗೆ. ನನ್ನ ಒಗ್ಗರಣೆ ಅವರ ಗಿಡದಿಂದ, ಅವರ ಪೂಜೆ ನನ್ನ ಗಿಡದಿಂದ ನಡೆಯುತ್ತದೆ. ಬೆಳಗಿನ ಹೊತ್ತು ಈ ಎರಡು ಘನಕಾರ್ಯಕ್ಕೆ ಗೋಡೆ ಹತ್ತಿರ ಬಂದ ಇಬ್ಬರು ಹೆಂಗಸರು ಸೊಪ್ಪು ಕಿತ್ತುಕೊಂಡು ಸುಮ್ಮನೆ ಒಳಗೆ ಹೋದರು ಎಂದರೆ ಯಾರಾದರೂ ನಂಬುತ್ತಾರೆಯೇ?

ಇತ್ತೀಚೆಗೆ ಗೋಡೆಯ ಖಾಯಂ ವಿಷಯ ಪದ್ಮಕ್ಕನ ಚಿಕ್ಕ ಮಗ ಅಭಿಯ ಫ್ಲ್ಯಾಟು. ಅಭಿಗೂ ನಿತ್ಯಾಗೂ ಮದುವೆಯಾಗಿ ನಾಲ್ಕು ವರ್ಷ. ಇಬ್ಬರಿಗೂ ಕೆಲಸವಿದೆ, ಬೊಮ್ಮನಹಳ್ಳಿಯಲ್ಲಿ ಬಾಡಿಗೆಗಿದ್ದಾರೆ. ಪದ್ಮಕ್ಕ ಯಾವ ಮದುವೆಗೆ ಹೋಗಲಿ, ಯಾರ ಮನೆ ಅರಿಶಿನ ಕುಂಕುಮಕ್ಕೆ ಹೋಗಲಿ, ಎಲೆ ಅಡಿಕೆ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತದೆ: “ಸೊಸೆದು ವಿಶೇಷ ಏನಾದ್ರೂ ಇದೆಯಾ?” ಮೊದಲ ವರ್ಷ ಪದ್ಮಕ್ಕ ನಕ್ಕರು. ಎರಡನೇ ವರ್ಷ ದೇವರ ಮೇಲೆ ಹಾಕಿದರು. ಮೂರನೇ ವರ್ಷ ಊಟದ ಪಂಕ್ತಿಯಲ್ಲಿ ಗೊತ್ತಿರುವವರು ಯಾರೂ ಇಲ್ಲದ ಕಡೆ ಕೂರತೊಡಗಿದರು. ಕೊನೆಗೆ ತಡೆಯಲಾರದೆ ಮಗನನ್ನೇ ಕೇಳಿಬಿಟ್ಟರು.

“ಏನಂದ?” ಅಂದೆ.

“‘ಪೊಸೆಷನ್ ಆಗ್ಲಿ ಅಮ್ಮ’ ಅಂದ. ಬಿಲ್ಡರ್ ಲಿಫ್ಟ್ ಹಾಕೋದಕ್ಕೂ ನನಗೆ ಮೊಮ್ಮಗು ಆಗೋದಕ್ಕೂ ಏನು ಸಂಬಂಧ ಟೀಚರ್? ನಮ್ಮತ್ತೆ ನನ್ನನ್ನ ಅಶ್ವತ್ಥಕಟ್ಟೆ ಸುತ್ತು ಅಂದಿದ್ರು. ಬಿಲ್ಡರ್ ಆಫೀಸು ಸುತ್ತು ಅಂತ ಯಾರೂ ಹೇಳಿರ್ಲಿಲ್ಲ.”

ಮಗ ಸೊಸೆ ಇಲ್ಲೇ ಬಂದಿರಬಾರದೇ ಎಂದು ಕೇಳುವವರಿಗೆ ಪದ್ಮಕ್ಕನ ಮನೆ ಗೊತ್ತಿಲ್ಲ. ಇಪ್ಪತ್ತು ಮೂವತ್ತರ ಸೈಟು. ಕೆಳಗೆ ಅವರು, ದೊಡ್ಡ ಮಗ, ಸೊಸೆ, ಎರಡು ಮಕ್ಕಳು. ಮೇಲಿನ ಮನೆ ಬಾಡಿಗೆಗೆ ಹೋಗಿದೆ, ಯಜಮಾನರು ಹೋದ ಮೇಲೆ ಆ ಬಾಡಿಗೆಯೇ ಅವರ ಪೆನ್ಷನ್ನು. ಅಭಿ ಬಂದರೆ ಮಲಗಲು ಹಾಲ್ ಇದೆ. ನಿತ್ಯಾ ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ತೆಗೆದು ಮೀಟಿಂಗಿಗೆ ಕೂತರೆ ಹಿಂದೆ ದೊಡ್ಡವನ ಮಕ್ಕಳು ಚಡ್ಡಿ ಇಲ್ಲದೆ ಓಡಾಡುವುದು ಅಮೆರಿಕದವರೆಗೂ ಕಾಣುತ್ತದೆ.

ಹೋದ ಭಾನುವಾರ ನಿತ್ಯಾಳೇ ಗೋಡೆಗೆ ಬಂದಳು. ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಮೊಬೈಲು. ನಾನು ಗಣಿತದ ಟೀಚರ್ ಆಗಿದ್ದವಳು ಅಂತ ಅವಳಿಗೆ ಧೈರ್ಯ. “ಆಂಟಿ, ನೀವೇ ಲೆಕ್ಕ ನೋಡಿ, ನಮ್ಮತ್ತೆಗೆ ಹೇಳಿ” ಅಂದಳು.

ಲೆಕ್ಕ ಹೀಗೆ. ಚಂದಾಪುರದಾಚೆ ಎರಡು ಬೆಡ್‌ರೂಮಿನ ಫ್ಲ್ಯಾಟು, 80 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವಾದರೆ ಬ್ಯಾಂಕು ಮನೆಯ ಬೆಲೆಯ ಶೇ. 80ರಷ್ಟನ್ನು ಮಾತ್ರ ಕೊಡಬಹುದು. ಅಂದರೆ ಸಾಲ 64 ಲಕ್ಷ, ಕೈಯಿಂದ 16 ಲಕ್ಷ. ಕಟ್ಟುತ್ತಿರುವ ಕಟ್ಟಡವಾದ್ದರಿಂದ ಶೇ. 5ರ ಜಿ.ಎಸ್.ಟಿ., ಅದು 4 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ. 5.6. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಮುದ್ರಾಂಕ, ನೋಂದಣಿ ಎರಡೂ ಕೂಡಿ 6 ಲಕ್ಷದ 8 ಸಾವಿರ. ಬ್ಯಾಂಕು ಇದಕ್ಕೆಲ್ಲ ಸಾಲ ಕೊಡುವುದಿಲ್ಲ. ಒಟ್ಟು 26 ಲಕ್ಷ ಸ್ವಂತ ದುಡ್ಡು ಇದ್ದರೆ ಮಾತ್ರ ಸಾಲಗಾರರಾಗುವ ಯೋಗ್ಯತೆ.

“ಇಷ್ಟೇನಾ?” ಅಂದರು ಪದ್ಮಕ್ಕ.

“ಕಂತು ಈಗ ಶುರು ಅತ್ತೆ” ಅಂದಳು ಹುಡುಗಿ. ಶೇ. 8.5ರ ಬಡ್ಡಿ, 20 ವರ್ಷ ಅಂತ ಹಿಡಿದರೆ ತಿಂಗಳಿಗೆ 55,500 ರೂಪಾಯಿಯ ಆಸುಪಾಸು. ಮೊದಲ ಕಂತನ್ನು ಬಿಡಿಸಿ ನೋಡಿದರೆ ಅದರಲ್ಲಿ 45,333 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು ಹತ್ತು ಸಾವಿರ ಚಿಲ್ಲರೆ. ಇಪ್ಪತ್ತು ವರ್ಷ ಹೀಗೆ ಕಟ್ಟಿ ಮುಗಿಸಿದರೆ 64 ಲಕ್ಷಕ್ಕೆ ಒಂದು ಕೋಟಿ 33 ಲಕ್ಷ. ಬಡ್ಡಿ ಏರಿದರೆ ಬ್ಯಾಂಕಿನವರು ಕಂತು ಏರಿಸುವ ಬದಲು ಅವಧಿ ಉದ್ದ ಮಾಡುವುದೂ ಉಂಟು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ. 4ರಿಂದ 6.5ಕ್ಕೆ ಹೋದಾಗ, ಐವತ್ತೈದಕ್ಕೆ ಸಾಲ ತೀರಿಸಿ ನೆಮ್ಮದಿಯಾಗಿರುತ್ತೇವೆ ಅಂದುಕೊಂಡಿದ್ದವರು ಎಷ್ಟೋ ಮಂದಿ ತಮಗೇ ತಿಳಿಯದಂತೆ ಅರವತ್ತು ದಾಟಿದ್ದರು.

ಇಷ್ಟು ಹೊತ್ತಿಗೆ ಹಿಂದಿನ ಮನೆಯ ರಾಮಮೂರ್ತಿ ರಾಯರು ಪೇಪರ್ ಮಡಚಿಕೊಂಡು ತಮ್ಮ ಗೋಡೆಗೆ ಬಂದಿದ್ದರು. ಸೆಕ್ರೆಟೇರಿಯಟ್ಟಿನಲ್ಲಿ ಇದ್ದವರು. ಬೀದಿಯಲ್ಲಿ ಯಾವ ಚರ್ಚೆ ನಡೆದರೂ ಕೊನೆಯ ಷರಾ ಅವರದ್ದೇ ಆಗಬೇಕು.

“ಈಗಿನ ಹುಡುಗರದ್ದು ದುಂದು ಜಾಸ್ತಿ ಕಣಮ್ಮ. ದಿನಾ ಮೊಬೈಲ್ ಒತ್ತಿ ಊಟ ತರಿಸೋದು ನಿಲ್ಲಿಸಿ, ಮನೆ ತಾನಾಗಿ ಆಗುತ್ತೆ. ನಾವು ಕಷ್ಟಪಟ್ಟು ಕಟ್ಟಲಿಲ್ವೇ?”

ನಿತ್ಯಾ ಕಾಫಿ ಲೋಟ ಗೋಡೆ ಮೇಲಿಟ್ಟಳು. “ಅಂಕಲ್, ತಿಂಗಳಿಗೆ ಹೊರಗಿನ ಊಟಕ್ಕೆ 6 ಸಾವಿರ ಹೋಗುತ್ತೆ ಅಂತಿಟ್ಕೊಳ್ಳಿ. ಪೂರ್ತಿ ನಿಲ್ಲಿಸ್ತೀವಿ. 26 ಲಕ್ಷ ಕೂಡೋಕೆ 36 ವರ್ಷ ಬೇಕು. ನನಗೀಗ 31. ಅರವತ್ತೇಳಕ್ಕೆ ಗೃಹಪ್ರವೇಶ. ಸೀಮಂತ ಯಾವಾಗ ಇಟ್ಕೊಳ್ಳೋಣ ಹೇಳಿ?”

ರಾಯರು ಮಡಚಿದ್ದ ಪೇಪರನ್ನು ಮತ್ತೆ ಬಿಚ್ಚಿದರು.

ರಾಯರ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಸಿಮೆಂಟಿಗೆ ಪರ್ಮಿಟ್ಟು ಬರೆಸಿ ತಂದು, ಸಂಜೆ ಆಫೀಸು ಮುಗಿಸಿ ಬಂದು ಕಟ್ಟಡಕ್ಕೆ ನೀರು ಹಾಕಿದ ಕೈಗಳು ಅವು. ಆದರೆ ಸೈಟು ಎಲ್ಲಿಂದ ಬಂತು? ಬಿ.ಡಿ.ಎ., ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಕೊಟ್ಟಿತು. 1945ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ (ಸಿ.ಐ.ಟಿ.ಬಿ.) ಜಾಗದಲ್ಲಿ 1976ರಲ್ಲಿ ಬಂದ ಸಂಸ್ಥೆ ಅದು. ಊರಂಚಿನ ಹೊಲ ಹಿಡಿದು, ರಸ್ತೆ ಚರಂಡಿ ಮಾಡಿ, ಮೂವತ್ತು ನಲವತ್ತು, ನಲವತ್ತು ಅರವತ್ತು ಅಂತ ಗುರುತು ಹಾಕಿ ಸಂಬಳದವರ ಕೈಗೆಟಕುವ ಬೆಲೆಗೆ ಹಂಚಿತು. 1984ರ ಹಂಚಿಕೆ ನಿಯಮಗಳಲ್ಲಿ ಅರ್ಜಿದಾರರನ್ನು ಆರಿಸುವಾಗ ನೋಡಬೇಕಾದ ಅಂಶಗಳಲ್ಲಿ ಮೊದಲನೆಯದೇ ಇದು: ಅರ್ಜಿ ಹಾಕಿದವರಿಗೆ ಮದುವೆಯಾಗಿದೆಯೇ, ಅವಲಂಬಿತ ಮಕ್ಕಳಿದ್ದಾರೆಯೇ? ಆಮೇಲೆ ಆದಾಯ, ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಎಂಬ ವಿಚಾರ. ರಾಯರೇ ಹೇಳುತ್ತಾರೆ, ಎರಡು ಸಲ ಅರ್ಜಿ ಬಿದ್ದುಹೋಗಿ, ಮಗ ಹುಟ್ಟಿದ ಮೇಲೆ ಮೂರನೇ ಸಲಕ್ಕೆ ಸೈಟು ಸಿಕ್ಕಿತೆಂದು. ಆಗ ಮಕ್ಕಳಿದ್ದರೆ ಸೈಟಿನ ಅರ್ಜಿಗೆ ಬಲ ಬರುತ್ತಿತ್ತು. ಈಗ ಮನೆಯ ಕೀಲಿಕೈ ಬಂದ ಮೇಲೆ ಮಕ್ಕಳ ಯೋಚನೆ. ಇಷ್ಟನ್ನು ರಾಯರ ಮುಂದೆ ಹೇಳಿದೆ. “ಈಗಲೂ ಬಿ.ಡಿ.ಎ. ಇದೆಯಲ್ಲ” ಅಂದರು.

ಇದೆ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಆದದ್ದು 2008ರಲ್ಲಿ, ಸೈಟು ಹಂಚಿಕೆ ಶುರುವಾದದ್ದು 2016ರಲ್ಲಿ. ಸೈಟು ಸಿಕ್ಕವರು ಆಮೇಲೂ ಎಷ್ಟೋ ವರ್ಷ ನೀರು, ಕರೆಂಟು, ಒಳಚರಂಡಿಗಾಗಿ ಧರಣಿ ಕೂತರು. ಅಧಿಸೂಚನೆಯ ದಿನ ಹುಟ್ಟಿದ ಮಗು ಹಂಚಿಕೆಯ ಹೊತ್ತಿಗೆ ಮೂರನೇ ಕ್ಲಾಸು. ಕೇಂದ್ರ ಸರ್ಕಾರದ ನಗರ ಆವಾಸ್ ಯೋಜನೆ 2.0 ಕೂಡ ಇದೆ, ಮೊದಲ ಸಲ ಮನೆ ಕೊಳ್ಳುವವರಿಗೆ ಬಡ್ಡಿಯಲ್ಲಿ 1.8 ಲಕ್ಷದವರೆಗೆ ನೆರವು ಕೊಡುತ್ತದೆ. ಆದರೆ ಮನೆಯ ಬೆಲೆ 35 ಲಕ್ಷ ದಾಟಬಾರದು. ಬೆಂಗಳೂರಲ್ಲಿ 35 ಲಕ್ಷದ ಎರಡು ಬೆಡ್‌ರೂಮು ಕಂಡವರಿದ್ದರೆ ನಮ್ಮ ಗೋಡೆಗೆ ಬಂದು ಹೇಳಿ, ಕಾಫಿ ನಮ್ಮದು.

ಅಗ್ಗದ ದಾರಿಯನ್ನೂ ಅಭಿ ನೋಡದೆ ಬಿಟ್ಟಿರಲಿಲ್ಲ. ಆನೇಕಲ್ ಕಡೆ ಯಾರೋ ಬ್ರೋಕರು ಕಾರಲ್ಲಿ ಕರೆದುಕೊಂಡು ಹೋಗಿ ರೆವಿನ್ಯೂ ಸೈಟು ತೋರಿಸಿದ. “ಖಾತೆ ಬಿ ಸಾರ್, ಆದ್ರೆ ಮುಂದೆ ಎ ಆಗುತ್ತೆ.” ಬ್ಯಾಂಕಿಗೆ ಹೋಗಿ ಕೇಳಿದರೆ ಮ್ಯಾನೇಜರು ಕನ್ನಡಕ ತೆಗೆದಿಟ್ಟು, ಎ ಆದ ಮೇಲೆ ಬನ್ನಿ ಅಂದರಂತೆ. ಸಾಲ ಸಿಗುವ ಸೈಟಿಗೆ ದುಡ್ಡು ಸಾಲದು, ದುಡ್ಡು ಸಾಲುವ ಸೈಟಿಗೆ ಸಾಲ ಸಿಗದು. ಹಾಗಾಗಿ ಫ್ಲ್ಯಾಟು.

ಫ್ಲ್ಯಾಟಿನ ನಕ್ಷೆಯನ್ನು ಪದ್ಮಕ್ಕ ಗೋಡೆಯ ಮೇಲೆ ಹರಡಿದರು. ಬ್ರೋಷರಿನಲ್ಲಿ 1,200 ಚದರಡಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾರ್ಪೆಟ್ ಏರಿಯಾ 820. ಮಿಕ್ಕ 380 ಅಡಿ ಎಲ್ಲಿ ಹೋಯಿತು? ಹೊರಗೋಡೆ, ಬಾಲ್ಕನಿ, ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್ ಹೌಸು, ಎಲ್ಲದರಲ್ಲೂ ನಮ್ಮ ಪಾಲು. 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ ಎಷ್ಟೆಂದು ಬಿಲ್ಡರ್ ಬಾಯಿಬಿಡಲೇಬೇಕು. ಮೊದಲು ಅದೂ ಇರಲಿಲ್ಲ, ಕುರ್ಚಿ ಟೇಬಲ್ ತಂದಿಟ್ಟ ಮೇಲೆ ಗೊತ್ತಾಗುತ್ತಿತ್ತು.

“ಲಿಫ್ಟಿನಲ್ಲೂ ನಮಗೆ ಪಾಲಿದೆ ಅನ್ನಿ” ಅಂದರು ಪದ್ಮಕ್ಕ. “ತೊಟ್ಟಿಲು ಅಲ್ಲೇ ಕಟ್ಟೋಣ. ಮೇಲೆ ಕೆಳಗೆ ಹೋಗ್ತಾ ಇರುತ್ತೆ, ತೂಗೋ ಕೆಲಸ ಉಳೀತು.”

ಎರಡನೇ ಬೆಡ್‌ರೂಮು ಹತ್ತಡಿಗೆ ಒಂಬತ್ತಡಿ. ನಕ್ಷೆಯಲ್ಲಿ ಅದಕ್ಕೆ ‘ಮಕ್ಕಳ ಕೋಣೆ’ ಅಂತ ಬರೆದು ಪುಟ್ಟದೊಂದು ಮಂಚ, ಒಂದು ಚೆಂಡು ಬಿಡಿಸಿದ್ದಾರೆ. ಆ ಕೋಣೆಗಾಗಿಯೇ ಒಂದು ಬೆಡ್‌ರೂಮಿನ ಫ್ಲ್ಯಾಟು ಬಿಟ್ಟು ಎರಡರದ್ದು ತೆಗೆದುಕೊಂಡದ್ದು, ಅದಕ್ಕಾಗಿಯೇ ಇನ್ನಷ್ಟು ಲಕ್ಷ ಸಾಲ. ಆ ಸಾಲದಿಂದಾಗಿಯೇ ಕೋಣೆಗೆ ಮಗು ಬರುತ್ತಿಲ್ಲ.

ಬಿಲ್ಡರು ಮಾತು ಕೊಟ್ಟಿದ್ದದ್ದು ಹೋದ ಡಿಸೆಂಬರಿಗೆ. ಈಗ ಯುಗಾದಿ ಅನ್ನುತ್ತಿದ್ದಾನೆ, ಯಾವ ಸಂವತ್ಸರದ್ದು ಅಂತ ಹೇಳಿಲ್ಲ. ಅಲ್ಲಿಯವರೆಗೆ ಬ್ಯಾಂಕು ಬಿಡುಗಡೆ ಮಾಡಿದಷ್ಟು ಹಣಕ್ಕೆ ಪ್ರೀ ಇ.ಎಂ.ಐ. ಬಡ್ಡಿ ಕಟ್ಟಬೇಕು, ಇತ್ತ ಬಾಡಿಗೆಯೂ ಕಟ್ಟಬೇಕು. ಇರುವ ಮನೆಗೆ ಒಂದು ದುಡ್ಡು, ಇಲ್ಲದ ಮನೆಗೆ ಇನ್ನೊಂದು. ತಡವಾದದ್ದಕ್ಕೆ ಬಡ್ಡಿ ಕೊಡಿಸಿ ಎಂದು ರೇರಾಕ್ಕೆ ದೂರು ಕೊಡಬಹುದು, ಕಾಯ್ದೆಯಲ್ಲಿ ಅವಕಾಶವಿದೆ. ಅಭಿಗೆ ಹೆದರಿಕೆ. ಮೊದಲು ದೂರು ಕೊಟ್ಟವನ ಬಾತ್‌ರೂಮಿಗೆ ಕೊನೆಗೆ ಟೈಲ್ಸ್ ಹಾಕುತ್ತಾರೆ ಅನ್ನುತ್ತಾನೆ.

“ನನ್ನನ್ನ ಕೇಳೋರಿಗೆಲ್ಲ ಬಿಲ್ಡರ್ ನಂಬರ್ ಕೊಟ್ಬಿಡಿ ಅತ್ತೆ” ಅಂದಳು ನಿತ್ಯಾ. “ಅವನಿಗೇ ಫೋನ್ ಮಾಡಿ ‘ವಿಶೇಷ ಏನಾದ್ರೂ ಇದೆಯಾ’ ಅಂತ ಕೇಳ್ಲಿ.”

ಪದ್ಮಕ್ಕ ನಗಲಿಲ್ಲ. ಮಗು ಆಗಲಿ, ನಾನು ನೋಡಿಕೊಳ್ಳುತ್ತೇನೆ ಅಂದರು. ಆ ಹುಡುಗಿ ಮೆತ್ತಗೆ ಬಿಡಿಸಿ ಹೇಳಿದಳು. ಬ್ಯಾಂಕು ಸಾಲ ಕೊಟ್ಟದ್ದು ಇಬ್ಬರ ಸಂಬಳ ಕೂಡಿಸಿ. ಹೆರಿಗೆಗೆ ಸಂಬಳ ಸಹಿತ 26 ವಾರ ರಜೆ ಇದೆ, 2017ರಲ್ಲಿ ಕಾಯ್ದೆ ತಿದ್ದಿ ಹನ್ನೆರಡು ವಾರ ಇದ್ದದ್ದನ್ನು ಹೆಚ್ಚಿಸಿದರು. ಆದರೆ ಇಪ್ಪತ್ತೇಳನೇ ವಾರ ಮಗುವನ್ನು ಎತ್ತಿಕೊಳ್ಳುವವರು ಯಾರು? ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನಮನೆ ಇರಬೇಕೆಂದು ಕಾನೂನು ಹೇಳುತ್ತದೆ. “ನಮ್ಮಾಫೀಸಲ್ಲಿ ಟೇಬಲ್ ಟೆನಿಸ್ ಇದೆ ಆಂಟಿ” ಅಂದಳು. ಹತ್ತಿರದ ಡೇ ಕೇರು ತಿಂಗಳಿಗೆ 18 ಸಾವಿರ ಕೇಳುತ್ತದೆ. ಅವಳು ಕೆಲಸ ಬಿಟ್ಟರೆ ಅಭಿಯ ಸಂಬಳದಲ್ಲಿ ಕಂತು ಹೋಗಿ ಉಳಿಯುವುದು ಹಾಲು, ತರಕಾರಿ, ಮಗುವಿನ ಲಸಿಕೆ ಇಷ್ಟಕ್ಕೆ ಸರಿ. ಪದ್ಮಕ್ಕ ಇಲ್ಲಿಂದ ಹೋಗಿಬರಬೇಕೆಂದರೆ ಆಟೊ, ಮೆಟ್ರೊ, ಮತ್ತೆ ಬಸ್ಸು. ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಓಡಲು ಶುರುವಾಯಿತು ನಿಜ. ಆದರೆ ಆ ದಾರಿಯಲ್ಲಿ ರೈಲಿಗಿಂತ ಮೊದಲು ಬೆಲೆ ಹೋಗಿ ಕೊನೆಯ ಸ್ಟೇಷನ್ ದಾಟಿಯಾಗಿತ್ತು. ಫ್ಲ್ಯಾಟು ಅದರಿಂದಾಚೆ.

ನಮ್ಮ ಹಿರಿಯರು ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು. ಒಂದು ಜನ್ಮದಲ್ಲಿ ಎರಡನ್ನೂ ಮಾಡಿದವನಿಗೆ ಸೊಂಟ ನೆಟ್ಟಗಿರುವುದಿಲ್ಲ ಎಂಬ ಎಚ್ಚರಿಕೆ ಅದು. ಈ ಹುಡುಗರು ಮದುವೆ, ಮನೆ, ಮಗು ಮೂರನ್ನೂ ಇಪ್ಪತ್ತೆಂಟರಿಂದ ಮೂವತ್ತೈದರೊಳಗೆ ಮುಗಿಸಬೇಕು. ತಾಯಾಗಲು ದೇಹಕ್ಕೊಂದು ಗಡುವಿದೆ, ಬ್ಯಾಂಕಿನ ಕಂತಿಗೊಂದು ಗಡುವಿದೆ, ಬಿಲ್ಡರನಿಗೆ ಮಾತ್ರ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಇದಕ್ಕೆಲ್ಲ ಫ್ಲ್ಯಾಟೇ ಕಾರಣ ಎಂದು ಹೇಳಿದರೆ ನನ್ನ ಹಳೇ ವಿದ್ಯಾರ್ಥಿನಿಯರು ಕಿವಿ ಹಿಂಡುತ್ತಾರೆ. ಹುಡುಗಿಯರು ಓದಿದರು, ಕೆಲಸಕ್ಕೆ ಹೋದರು, ಮದುವೆ ಮುಂದಕ್ಕೆ ಹೋಯಿತು, ಎಷ್ಟು ಮಕ್ಕಳು ಬೇಕೆಂದು ತಾವೇ ತೀರ್ಮಾನಿಸಿದರು. ಒಳ್ಳೆಯದೇ ಆಯಿತು. ಬೇಡ ಅಂದವರ ಸುದ್ದಿಗೆ ನಾವು ಹೋಗಬಾರದು. ನಿತ್ಯಾಳಂಥವರ ಮಾತು ಬೇರೆ. ಬೇಕು ಅನ್ನುತ್ತಾರೆ, ಲೆಕ್ಕ ಕೂಡುವುದಿಲ್ಲ. ಆ 1.7ರ ಅಂಕಿಯನ್ನು ಪದ್ಮಕ್ಕನಿಗೆ ಹೇಳಿದಾಗ ಸ್ವಲ್ಪ ಹೊತ್ತು ಕರಿಬೇವು ಬಿಡಿಸುವುದು ನಿಲ್ಲಿಸಿ ಯೋಚಿಸಿದರು. “ಒಂದೂ ಮುಕ್ಕಾಲೇ? ನಮಗೆ ಒಂದು ಸಾಕು ಟೀಚರ್, ಆ ಮುಕ್ಕಾಲನ್ನ ಸರ್ಕಾರವೇ ಇಟ್ಕೊಳ್ಳಲಿ.”

26 ಲಕ್ಷ ಹೇಗೆ ಕೂಡಿತು ಅಂತ ನೀವು ಕೇಳಲಿಲ್ಲ. ಅಭಿ, ನಿತ್ಯಾ ಇಬ್ಬರ ಆರು ವರ್ಷದ ಉಳಿತಾಯ, ಪಿ.ಎಫ್.ನಿಂದ ತೆಗೆದದ್ದು, ನಿತ್ಯಾಳ ಅಪ್ಪ ಊರಲ್ಲಿ ಅಡಿಕೆ ಮಾರಿ ಕೊಟ್ಟದ್ದು. ಆಮೇಲೂ ಸಾಲದೆ ಬಂದಾಗ ಪದ್ಮಕ್ಕನ ಅವಲಕ್ಕಿ ಸರ ಹೋಯಿತು. ಆ ಸರವನ್ನು ನಾನು ಈ ಬೀದಿಯ ಎಲ್ಲ ಮದುವೆಗಳಲ್ಲೂ ನೋಡಿದ್ದೇನೆ. ಮೊಮ್ಮಗುವಿಗೆ ಅಂತ ಅಜ್ಜಿಯ ಕಾಲದಿಂದ ಬಂದ ಬೆಳ್ಳಿ ಒಳಲೆ ಒಂದನ್ನು ಮಾತ್ರ ಕೊಡಲಿಲ್ಲ. ಅದನ್ನು ತೂಕಕ್ಕೆ ಹಾಕಿದರೆ ಬಾಗಿಲಿನ ಒಂದು ಹಿಡಿಯೂ ಬರುತ್ತಿರಲಿಲ್ಲ ಬಿಡಿ.

ಇದೇ ಬೀದಿಯ ಮೂಲೆಮನೆ ಹುಡುಗ ನಿತ್ಯಾಳಷ್ಟೇ ಸಂಬಳದವನು, ಕಳೆದ ವರ್ಷ ಜೆ.ಪಿ. ನಗರದಲ್ಲಿ ಮೂರು ಬೆಡ್‌ರೂಮು ತೆಗೆದುಕೊಂಡ. ಈಗ ತೊಟ್ಟಿಲ ಶಾಸ್ತ್ರವೂ ಆಯಿತು. ಅವನಪ್ಪನಿಗೆ ಹಳೇ ಬಡಾವಣೆಯಲ್ಲಿ ಎರಡು ಸೈಟಿದ್ದವು, ಒಂದನ್ನು ಮಾರಿದರು. ಅವನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಹೋಳಿಗೆ ಊಟ ಮಾಡಿ ಬಂದಿದ್ದೇನೆ. ಆದರೆ ನನ್ನ ತೀರ್ಪು ಇಷ್ಟು: ಬೆಂಗಳೂರಲ್ಲಿ ಇವತ್ತು ಮೊದಲ ಮನೆ ಕೊಳ್ಳುವುದಕ್ಕೆ ಬೇಕಾದದ್ದು ಮಗನ ಜಾಣತನವೂ ಅಲ್ಲ, ಸೊಸೆಯ ಮಿತವ್ಯಯವೂ ಅಲ್ಲ, ಅಪ್ಪನ ಹೆಸರಿನ ಸೈಟು. ಅದಿಲ್ಲದವರಿಗೆ ದುಂದಿನ ಪಾಠ ಹೇಳುವ ಹಕ್ಕು, ಎಂಬತ್ತರ ದಶಕದ ದರದಲ್ಲಿ ಸೈಟು ಪಡೆದ ನಮ್ಮ ಪೀಳಿಗೆಗೆ ಇಲ್ಲ.

ನಮ್ಮಿಂದ ಆಗುವ ಕೆಲಸ ಒಂದಿದೆ. ಸ್ವಂತ ಮನೆ ಸಿಗುವ ತನಕ ಮಗು ಕಾಯಬೇಕಾಗಿ ಬಂದಿರುವುದು ಬಾಡಿಗೆ ಮನೆಯಲ್ಲಿ ಅದನ್ನು ಸಾಕುವ ನೆಮ್ಮದಿ ಇಲ್ಲದ್ದರಿಂದ. ಹನ್ನೊಂದು ತಿಂಗಳ ಕರಾರು, ಪ್ರತಿ ಸಲ ಬಾಡಿಗೆ ಏರಿಕೆ, ಮನೆ ನೋಡಲು ಬಂದವರಿಗೆ “ಚಿಕ್ಕ ಮಕ್ಕಳಿದ್ದಾರಾ? ಗೋಡೆ ಗೀಚ್ತಾರೆ” ಎಂಬ ತಕರಾರು, ಹತ್ತು ತಿಂಗಳ ಅಡ್ವಾನ್ಸು. 25 ಸಾವಿರದ ಮನೆಗೆ ಎರಡೂವರೆ ಲಕ್ಷ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸು ಸಾಕೆನ್ನುತ್ತದೆ. ಬೆಂಗಳೂರಿನ ಮಾಲೀಕರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ರಾಮಮೂರ್ತಿ ರಾಯರ ಮಹಡಿಗೆ, ಮಗ ನ್ಯೂಜೆರ್ಸಿಗೆ ಹೋದಾಗಿನಿಂದ ಬೀಗ. ವರ್ಷಕ್ಕೆ ಎರಡು ವಾರ ಅವನು ಬಂದು ಇಳಿದುಕೊಳ್ಳುತ್ತಾನೆ, ಮಿಕ್ಕ ದಿನ ಅಲ್ಲಿ ಪಾರಿವಾಳಗಳ ಸಂಸಾರ. ಅವು ಅಡ್ವಾನ್ಸನ್ನೂ ಕೊಟ್ಟಿಲ್ಲ, ಮರಿ ಮಾಡುವುದನ್ನೂ ಮುಂದೂಡಿಲ್ಲ. ಆ ಭಾನುವಾರ ರಾಯರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಖಾಲಿ ಮಹಡಿ ಇದ್ದವರು ಅದನ್ನು ಮಗು ಇರುವ, ಇಲ್ಲವೇ ಮಗು ಬೇಕೆಂದಿರುವ ಸಂಸಾರಕ್ಕೆ ಬಾಡಿಗೆಗೆ ಕೊಡಿ. ಮೂರು ವರ್ಷ ಎಬ್ಬಿಸುವುದಿಲ್ಲವೆಂದು ಕಾಗದದಲ್ಲಿ ಬರೆದುಕೊಡಿ. ಅಡ್ವಾನ್ಸು ಎರಡು ತಿಂಗಳದ್ದು ಸಾಕು. ಕೂಸು ಗೋಡೆ ತುಂಬ ಬಣ್ಣದ ಕಡ್ಡಿಯಲ್ಲಿ ಗೀಚಿದರೂ ಸುಣ್ಣ ಬಳಿಸುವುದಕ್ಕೆ ಆ ದುಡ್ಡು ಧಾರಾಳ.